ಒಂದೇ ವರಸೆ, ಮಾರುವ ಸ್ವರಗುಚ್ಛ

ಮನೆಯಲ್ಲಿ ಹಾಡುವ ಹಾಡಿಗೆ ಜೊತೆಯಾಗಿ ಏನನ್ನು ನುಡಿಸಬೇಕೆಂಬ ಪ್ರಶ್ನೆಯು ನಮ್ಮ ಹಿರಿಯರನ್ನು ಅಷ್ಟಾಗಿ ಬಾಧಿಸಿದುದಿಲ್ಲ. ತಂಬೂರಿಯಿದ್ದವರು ಅದನ್ನು ಮೀಟಿದರು; ಇಲ್ಲದವರು ಶ್ರುತಿಪೆಟ್ಟಿಗೆಯ ತಿದಿಯನ್ನೊತ್ತಿದರು; ಅದೂ ಇಲ್ಲದವರು ಮನಸ್ಸಿನಲ್ಲಿಯೇ ಷಡ್ಜವನ್ನು ಹಿಡಿದು ಹಾಡಿದರು. ಈಗ ಕಾಲವು ಬೇರೆಯಾಗಿದೆ. ಬೆಂಗಳೂರಿನ ದಕ್ಷಿಣದಂಚಿನಲ್ಲಿರುವ ನಮ್ಮ ಅಂಜನಾಪುರದಂತಹ ಬಡಾವಣೆಯಲ್ಲಿಯೂ ಅನೇಕ ಮನೆಗಳಲ್ಲಿ ಒಂದು ಕೋಣೆಯೊಳಗೆ ಸರಳೆ ವರಸೆಯ ಪಾಠವಾಗುತ್ತಿದ್ದರೆ, ಇನ್ನೊಂದು ಕೋಣೆಯೊಳಗೆ ಅದೇ ಮನೆಯ ತರುಣನೋ ತರುಣಿಯೋ ಕಂಪ್ಯೂಟರಿನ ಮುಂದೆ ಕುಳಿತು, ಕಿವಿಗೆ ಹೆಡ್‌ಫೋನ್ ಧರಿಸಿ, ಒಂದು ಇಡಿಯ ವಾದ್ಯವೃಂದವನ್ನೇ ಬೆರಳ ತುದಿಯಿಂದ ಕಟ್ಟುತ್ತಿರುವುದನ್ನು ಕಾಣಬಹುದಾಗಿದೆ. ಇವೆರಡು ಕೋಣೆಗಳ ನಡುವೆ ಗೋಡೆಯೊಂದೇ ಇರುವುದಾದರೂ ಮಾತುಕತೆಯು ವಿರಳ. ಒಳಗಿನ ಹಿರಿಯರು ಅದನ್ನು ಗದ್ದಲವೆನ್ನುವರು. ಹೊರಗಿನ ಕಿರಿಯರು ಇದನ್ನು ಹಳತೆನ್ನುವರು. ವಿಚಾರಿಸಿ ನೋಡಿದರೆ, ಕಿರಿಯರನ್ನು ಕಂಪ್ಯೂಟರಿನ ಮುಂದೆ ಬಹುವಾಗಿ ಕಾಡುವ ಒಂದು ತೊಡಕಿಗೆ ಪರಿಹಾರವು ಒಳಕೋಣೆಯ ಪಾಠದಲ್ಲಿಯೇ ಇದೆ. ಆ ತೊಡಕನ್ನೂ ಪರಿಹಾರವನ್ನೂ ಗೃಹಸ್ಥರಿಗೆ ತಿಳಿಯುವಂತೆ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ತೊಡಕೇನೆಂಬುದನ್ನು ನೋಡೋಣ. ಪಾಶ್ಚಾತ್ಯ ಪದ್ಧತಿಯಲ್ಲಿ ಮೂರು ಅಥವಾ ಹೆಚ್ಚು ಸ್ವರಗಳನ್ನು ಒಟ್ಟಿಗೆ ನುಡಿಸುವುದುಂಟು. ಇದನ್ನು ಕೀಬೋರ್ಡ್ ಕಲಿಸುವವರು ಕಾರ್ಡ್ ಎನ್ನುವರು, ನಾವಿಲ್ಲಿ ಸ್ವರಗುಚ್ಛವೆನ್ನೋಣ. ಷಡ್ಜ, ಗಾಂಧಾರ, ಪಂಚಮಗಳು ಸೇರಿದರೆ ಒಂದು ಗುಚ್ಛ. ಪಂಚಮ, ನಿಷಾದ, ಮೇಲಿನ ರಿಷಭಗಳು ಸೇರಿದರೆ ಇನ್ನೊಂದು. ಹಾಡು ನಡೆದಂತೆಲ್ಲ ಗುಚ್ಛವು ಬದಲಾಗುತ್ತ ಹೋಗುವುದು. ಗುಚ್ಛದ ಸ್ವರಗಳನ್ನು ಒಟ್ಟಿಗೆ ನುಡಿಸದೆ ಒಂದಾದ ಮೇಲೊಂದರಂತೆ ಬಿಡಿಸಿ, ಸ ಗ ಪ ಗ, ಸ ಗ ಪ ಗ ಎಂದು ಮರಳಿ ಮರಳಿ ನುಡಿಸುವುದೂ ವಾಡಿಕೆ. ಸಿಂಥಸೈಸರ್ ಎಂಬ ವಿದ್ಯುದ್ವಾದ್ಯಕ್ಕೆ ಇಂತಹ ಮರಳುವ ವರಸೆಯು ಅತ್ಯಂತ ಪ್ರಿಯವಾದುದು. ವರಸೆಯು ಒಂದೇ, ಅದರ ಕೆಳಗಿನ ಗುಚ್ಛವು ಮಾತ್ರ ಮಾರುತ್ತಿರುವುದು. ಹಾಗೆ ಮಾರುವಾಗ ವರಸೆಯ ಚಹರೆಯನ್ನು ಕೆಡಿಸದೆ ಅದರ ಸ್ವರಗಳನ್ನು ಹೊಸ ಗುಚ್ಛಕ್ಕೆ ಹೊಂದಿಸುವುದು ಹೇಗೆ? ಇದೇ ಪ್ರಶ್ನೆ.

ಕಂಪ್ಯೂಟರಿಗೆ ಸ್ವರವೆಂದರೆ ಒಂದು ಅಂಕ. 1983ನೆಯ ಇಸವಿಯಲ್ಲಿ ವಿದ್ಯುದ್ವಾದ್ಯಗಳ ತಯಾರಕರು ಒಡಂಬಟ್ಟು ಮಿಡಿ ಎಂಬ ಸಂಕೇತಭಾಷೆಯನ್ನು ಹೊರತಂದರು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಿಕೊಳ್ಳಲು ಇದು ಸಾಧನವಾಯಿತು. ಇದರಲ್ಲಿ 0 ಮೊದಲುಗೊಂಡು 127ರ ವರೆಗೆ 128 ಸ್ವರಾಂಕಗಳುಂಟು. ಪಿಯಾನೋದ ನಡುವಣ ಸಿ ಎಂಬ ಬಿಳಿ ಮನೆಗೆ 60 ಎಂಬ ಅಂಕ. ಅದನ್ನೇ ಷಡ್ಜವೆಂದು ಭಾವಿಸಿದರೆ ಶಂಕರಾಭರಣದ ಸ್ವರಗಳು ಹೀಗಾಗುವುವು: ಷಡ್ಜ 60, ರಿಷಭ 62, ಗಾಂಧಾರ 64, ಮಧ್ಯಮ 65, ಪಂಚಮ 67, ಧೈವತ 69, ನಿಷಾದ 71, ತಾರಷಡ್ಜ 72. ಗ್ಯಾರೇಜ್‌ಬ್ಯಾಂಡ್, ಏಬಲ್ಟನ್ ಲೈವ್, ಬೆಲೆಯಿಲ್ಲದೆ ದೊರೆಯುವ ಎಲ್‌ಎಂಎಂಎಸ್ ಮುಂತಾದ ಯಾವ ತಂತ್ರಾಂಶವನ್ನು ತೆರೆದರೂ ಪಿಯಾನೋ ರೋಲ್ ಎಂಬ ಹಾಳೆಯೊಂದು ಕಾಣಿಸುವುದು. ಅದರಲ್ಲಿ ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರಸ್ಥಾನ. ಒಂದೊಂದು ಸ್ವರವೂ ಒಂದೊಂದು ಸಣ್ಣ ಪಟ್ಟಿ.

ಹೊಸಬರು ಸಾಮಾನ್ಯವಾಗಿ ಮಾಡುವುದು ಹೀಗೆ. ಸ ಗ ಪ ಗ ಎಂಬ ವರಸೆಯನ್ನು 60, 64, 67, 64 ಎಂದು ಬರೆದು, ಗುಚ್ಛವು ಧೈವತಕ್ಕೆ ಹೋದಾಗ ಆ ನಾಲ್ಕು ಪಟ್ಟಿಗಳನ್ನೂ ಒಟ್ಟಾಗಿ ಹಿಡಿದು ಮಂದ್ರ ಧೈವತದ ಮನೆಗೆ, ಎಂದರೆ ಮೂರು ಸ್ಥಾನ ಕೆಳಕ್ಕೆ, ಎಳೆದುಬಿಡುವರು. ಆಗ 57, 61, 64 ಎಂದಾಗುವುದು. ಈ 61 ಶುದ್ಧ ರಿಷಭದ ಮನೆ. ಶಂಕರಾಭರಣಕ್ಕೆ ಸಲ್ಲದ ಸ್ವರ. ಬೇಕಾಗಿದ್ದುದು ಧ ಸ ಗ, ಎಂದರೆ 57, 60, 64. ದೋಷವೆಲ್ಲಿಯದು? ಸ ಗ ಪ ಗುಚ್ಛದಲ್ಲಿ ಮೊದಲ ಅಂತರ ನಾಲ್ಕು ಸ್ಥಾನ, ಎರಡನೆಯದು ಮೂರು. ಧ ಸ ಗ ಗುಚ್ಛದಲ್ಲಿ ಮೊದಲನೆಯದು ಮೂರು, ಎರಡನೆಯದು ನಾಲ್ಕು. ಒಂದರ ಅಚ್ಚಿನಲ್ಲಿ ಇನ್ನೊಂದನ್ನು ಎರೆಯಲಾಗದು. ಮಧ್ಯಮಕ್ಕೂ ಪಂಚಮಕ್ಕೂ ಹೀಗೆ ಎಳೆದರೆ ಆಕಸ್ಮಿಕವಾಗಿ ಸರಿಹೋಗುವುದು. ಏಕೆಂದರೆ ಮ ಧ ಸ, ಪ ನಿ ರಿ ಇವುಗಳ ಅಂತರವೂ ನಾಲ್ಕು ಮತ್ತು ಮೂರೇ. ರಿಷಭ, ಗಾಂಧಾರ, ಧೈವತಗಳಲ್ಲಿ ಕೆಡುವುದು; ನಿಷಾದದಲ್ಲಂತೂ ಎರಡು ಅಂತರಗಳೂ ಮೂರು ಮೂರಾದುದರಿಂದ ಪೂರ್ತಿಯಾಗಿ ಕೆಡುವುದು. ಮೂರು ಕಡೆ ಸರಿಹೋದುದರಿಂದ ಮೋಸಹೋದ ವಿದ್ಯಾರ್ಥಿಯು ಉಳಿದ ನಾಲ್ಕು ಕಡೆ ತಪ್ಪನ್ನು ಬೇರೆಲ್ಲಿಯೋ ಹುಡುಕುತ್ತ ಕೂರುವನು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಹಾಡುವವರ ಶ್ರುತಿಗೆ ತಕ್ಕಂತೆ ಇಡಿಯ ಹಾಡನ್ನು ಏರಿಸುವಾಗ ಅಥವಾ ಇಳಿಸುವಾಗ ಎಲ್ಲ ಅಂಕಗಳಿಗೂ ಒಂದೇ ಸಂಖ್ಯೆಯನ್ನು ಕೂಡಿಸುವುದು ಅಥವಾ ಕಳೆಯುವುದು ಯುಕ್ತವೇ. ಐದನೆಯ ಬಿಳಿ ಮನೆಯ ಶ್ರುತಿಗೆ ಇಳಿಸಬೇಕಾದರೆ ಎಲ್ಲದರಿಂದಲೂ 5ನ್ನು ಕಳೆದರೆ 60 ಎಂಬುದು 55 ಆಗುವುದು. ಹಾಡಿಗೆ ಏನೂ ಭಂಗವಿಲ್ಲ. ಅಲ್ಲಿ ಷಡ್ಜವೇ ಸ್ಥಳ ಬದಲಿಸುವುದು. ಗುಚ್ಛವು ಮಾರುವಾಗಲಾದರೋ ಷಡ್ಜವು ಇದ್ದಲ್ಲಿಯೇ ಇರುವುದು. ನಾವು ಮಾತ್ರ ಅದರ ಸುತ್ತ ಬೇರೊಂದು ಮೆಟ್ಟಿಲ ಮೇಲೆ ನಿಲ್ಲುವೆವು.

ಈ ಎರಡನೆಯ ಕ್ರಿಯೆಯನ್ನು ನಮ್ಮ ಮಕ್ಕಳು ಸಂಗೀತದ ಮೊದಲ ವರ್ಷದಲ್ಲಿಯೇ ಕಲಿಯುವರು. ಅದೇ ಅಲಂಕಾರ. ಸ ರಿ ಗ ಮ, ರಿ ಗ ಮ ಪ, ಗ ಮ ಪ ಧ ಎಂದು ಹಾಡುವ ಮಗುವು ಒಂದೇ ವರಸೆಯನ್ನು ಒಂದೊಂದು ಮೆಟ್ಟಿಲಿನಿಂದಲೂ ಆರಂಭಿಸುತ್ತಿದೆ. ಆದರೆ ಸ್ವರಸ್ಥಾನಗಳನ್ನು ಎಣಿಸುತ್ತಿಲ್ಲ, ರಾಗದ ಸ್ವರಗಳನ್ನು ಎಣಿಸುತ್ತಿದೆ. ಈ ಪಾಠಕ್ರಮವನ್ನು ಮಾಯಾಮಾಳವಗೌಳದಲ್ಲಿ ನೆಲೆಗೊಳಿಸಿದವರು ಪುರಂದರದಾಸರೆಂಬುದು ಪರಂಪರೆಯ ನಂಬಿಕೆ. ಅಲಂಕಾರದ ವಿಚಾರವು ಅದಕ್ಕಿಂತಲೂ ಪ್ರಾಚೀನವಾದುದು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಅಲಂಕಾರಗಳನ್ನು ಹೆಸರಿಟ್ಟು ವಿವರಿಸಿದ್ದಾನೆ. ತಂತ್ರಾಂಶಗಳಲ್ಲಿ ಸ್ಕೇಲ್ ಎಂಬ ಸೌಕರ್ಯವನ್ನು ಆರಿಸಿ, ಹಾಡಿನ ಸ್ವರಗಳಾವುವೆಂದು ಮೊದಲೇ ತಿಳಿಸಿಟ್ಟು, ವರಸೆಯನ್ನು ಸ್ಥಾನಗಳಿಂದಲ್ಲದೆ ಸ್ವರಗಳಿಂದ ಏರಿಸಿದರೆ ಸ ಗ ಪ ಗ ಎಂಬುದು ರಿ ಮ ಧ ಮ ಎಂದೂ ಧ ಸ ಗ ಸ ಎಂದೂ ತಾನಾಗಿ ಹೊಂದಿಕೊಳ್ಳುವುದು. ಅಲಂಕಾರವನ್ನು ಹಾಡಿದ ಮಗುವಿಗೆ ಇದು ಹೊಸ ವಿದ್ಯೆಯಲ್ಲ.

ಎರಡನೆಯ ಉಪಾಯವೊಂದುಂಟು. ವರಸೆಯನ್ನು ಸ್ವರನಾಮದಿಂದಲೂ ಬರೆಯದೆ, ಗುಚ್ಛದಲ್ಲಿನ ಕ್ರಮಾಂಕದಿಂದ ಬರೆಯುವುದು: ಒಂದು, ಎರಡು, ಮೂರು, ಎರಡು. ಯಾವ ಗುಚ್ಛವನ್ನು ಒತ್ತಿದರೂ ಅದರ ಮೊದಲನೆಯ, ಎರಡನೆಯ, ಮೂರನೆಯ ಸ್ವರಗಳು ಆ ಕ್ರಮದಲ್ಲಿಯೇ ಹೊರಡುವುವು. ಇದನ್ನು ತಾನಾಗಿ ಮಾಡುವ ಅಂಗಕ್ಕೆ ಆರ್ಪೆಜಿಯೇಟರ್ ಎಂದು ಹೆಸರು. ಜಪಾನಿನ ರೋಲೆಂಡ್ ಕಂಪನಿಯು 1978ರಲ್ಲಿ ಹೊರತಂದ ಜುಪಿಟರ್-4 ಎಂಬ ವಾದ್ಯದಲ್ಲಿ ಇದು ಅಡಕವಾಗಿತ್ತು. ಈಗ ಬಹುತೇಕ ತಂತ್ರಾಂಶಗಳಲ್ಲಿ ದೊರೆಯುವುದು. ಇದರಲ್ಲಿ ತಾಳದ ಎಚ್ಚರಿಕೆಯು ಅಗತ್ಯ. ಮೂರು ಸ್ವರಗಳನ್ನು ಮೇಲಕ್ಕೆ ಮಾತ್ರ ನುಡಿಸಲು ಹೇಳಿದರೆ ವರಸೆಯು ಮೂರಕ್ಷರದ್ದಾಗುವುದು. ಆದಿತಾಳದ ಎಂಟಕ್ಷರಗಳಲ್ಲಿ ಅದು ಎರಡು ಬಾರಿ ಮುಗಿದು ಎರಡಕ್ಷರ ಮಿಗುವುದು. ಮೂರು ಆವರ್ತಗಳು ಕಳೆದ ಮೇಲೆಯೇ ಸಮದಲ್ಲಿ ಮತ್ತೆ ಮೊದಲ ಸ್ವರವು ಬೀಳುವುದು. ಅದು ಬೇಕೆಂದು ಮಾಡಿದುದಾದರೆ ಸೊಗಸು. ಅರಿಯದೆ ಆದುದಾದರೆ ಗೊಂದಲ. ಪ್ರತಿ ಆವರ್ತದ ಸಮದಲ್ಲಿ ವರಸೆಯು ಹೊಸದಾಗಿ ತೊಡಗಬೇಕೋ ಹರಿದುಹೋಗಬೇಕೋ ಎಂಬುದನ್ನು ಮೊದಲೇ ನಿಶ್ಚಯಿಸತಕ್ಕದ್ದು. ಹಾಗೆಯೇ ಗುಚ್ಛವು ಆವರ್ತದ ನಡುವೆ, ಐದನೆಯ ಅಕ್ಷರದಲ್ಲಿ, ಮಾರುವುದಾದರೆ ವರಸೆಯನ್ನೂ ನಾಲ್ಕು ನಾಲ್ಕಾಗಿ ಒಡೆಯಬೇಕು. ಹಿಂದಿನ ಗುಚ್ಛದ ಸ್ವರದ ಬಾಲವು ಹೊಸ ಗುಚ್ಛದೊಳಕ್ಕೆ ನುಗ್ಗದಂತೆ ಪಟ್ಟಿಯನ್ನು ಕತ್ತರಿಸಬೇಕು.

ಮೂರನೆಯ ಉಪಾಯವು ಮೇಲಿನೆರಡಕ್ಕೂ ಕಳಶವಿಟ್ಟಂತಿರುವುದು. ಗುಚ್ಛವು ಮಾರಿದಾಗಲೆಲ್ಲ ವರಸೆಯು ಮೇಲಕ್ಕೂ ಕೆಳಕ್ಕೂ ನೆಗೆದಾಡಿದರೆ ಕೇಳುವವರಿಗೆ ಆಯಾಸ. ಆದುದರಿಂದ ಪ್ರತಿಯೊಂದು ಸ್ವರವೂ ಹೊಸ ಗುಚ್ಛದಲ್ಲಿ ತನಗೆ ಅತ್ಯಂತ ಸಮೀಪವಾದ ಸ್ವರಕ್ಕೆ ಸರಿಯಬೇಕು. ಎರಡು ಗುಚ್ಛಗಳಿಗೂ ಸಾಮಾನ್ಯವಾದ ಸ್ವರವು ಅಲುಗಕೂಡದು. ಸ ಗ ಪ (60, 64, 67) ಎಂಬುದರಿಂದ ಧೈವತದ ಗುಚ್ಛಕ್ಕೆ ಹೋಗುವಾಗ ಸ ಗ ಗಳನ್ನು ಹಾಗೆಯೇ ಉಳಿಸಿ ಪಂಚಮವನ್ನು ಮಾತ್ರ ಧೈವತಕ್ಕೇರಿಸಿದರೆ 60, 64, 69. ಅಲ್ಲಿಂದ ಮಧ್ಯಮದ ಗುಚ್ಛಕ್ಕೆ ಗಾಂಧಾರವೊಂದನ್ನು ಮಧ್ಯಮಕ್ಕೆ ಸರಿಸಿದರೆ 60, 65, 69. ಅಲ್ಲಿಂದ ಪಂಚಮದ ಗುಚ್ಛಕ್ಕೆ ಮೂರೂ ತುಸು ಇಳಿದು 59, 62, 67. ಅಲ್ಲಿಂದ ಮತ್ತೆ ಮನೆಗೆ 60, 64, 67. ಗುಚ್ಛಗಳು ನಾಲ್ಕು ಮಾರಿದರೂ ವರಸೆಯು ನಿಂತಲ್ಲಿಯೇ ಉಸಿರಾಡಿದಂತೆ ತೋರುವುದು. ವ್ಯಾಕರಣವನ್ನು ಓದಿದವರಿಗೆ ಇದು ಪರಿಚಿತವಾದ ನ್ಯಾಯವೇ. ಒಂದು ವರ್ಣದ ಸ್ಥಾನದಲ್ಲಿ ಬರುವ ಆದೇಶವು ಅದಕ್ಕೆ ಅತ್ಯಂತ ಸದೃಶವಾದುದಾಗಿರಬೇಕೆಂದು ಪಾಣಿನಿಯು ವಿಧಿಸಿದ್ದಾನೆ. ಇತಿ, ಆದಿ ಎಂಬೆರಡು ಸೇರಿ ಇತ್ಯಾದಿಯಾಗುವಾಗ ತಾಲವ್ಯವಾದ ಇಕಾರದ ಸ್ಥಾನಕ್ಕೆ ತಾಲವ್ಯವಾದ ಯಕಾರವೇ ಬರುವುದು, ವಕಾರವಲ್ಲ. ನಾಲಗೆಗೆ ಸುಖವಾದ ನಿಯಮವು ಕಿವಿಗೂ ಸುಖವಾಗಿರುವುದು ಆಶ್ಚರ್ಯವಲ್ಲ.

ಪಾಶ್ಚಾತ್ಯರಲ್ಲಿ ಇದಕ್ಕೆ ಪರಮೋದಾಹರಣೆಯೆಂದರೆ ಜರ್ಮನಿಯ ಬಾಖ್ ಎಂಬ ವಾಗ್ಗೇಯಕಾರನು 1722ರಲ್ಲಿ ಸಂಕಲಿಸಿದ ಗ್ರಂಥದ ಮೊದಲನೆಯ ರಚನೆ. ಐದು ಸ್ವರಗಳ ಒಂದೇ ವರಸೆ: ಮೊದಲೆರಡು ಸ್ವರ ಒಂದು ಬಾರಿ, ಮೇಲಿನ ಮೂರು ಎರಡು ಬಾರಿ, ಈ ಎಂಟನ್ನೂ ಮತ್ತೊಮ್ಮೆ ನುಡಿಸಿದರೆ ಒಂದು ಖಂಡ ಪೂರ್ತಿ. ಮೊದಲ 32 ಖಂಡಗಳವರೆಗೆ ವರಸೆಯು ಬದಲಾಗುವುದೇ ಇಲ್ಲ. ಗುಚ್ಛವು ಮಾತ್ರ ಬದಲಾಗುವುದು. ಮೊದಲ ಖಂಡದಲ್ಲಿ ಸ ಗ ಪ, ಮೇಲಿನ ಸ ಗ. ಎರಡನೆಯದರಲ್ಲಿ ಸ ರಿ ಧ, ಮೇಲಿನ ರಿ ಮ. ಮೂರನೆಯದರಲ್ಲಿ ಮಂದ್ರ ನಿ, ರಿ ಪ, ಮೇಲಿನ ರಿ ಮ. ನಾಲ್ಕನೆಯದರಲ್ಲಿ ಮತ್ತೆ ಮೊದಲಿನಂತೆ. ಎರಡರಿಂದ ಮೂರಕ್ಕೆ ಹೋಗುವಾಗ ಐದರಲ್ಲಿ ಮೂರು ಸ್ವರಗಳು ಅಲುಗುವುದಿಲ್ಲ. ಈ ನಾಲ್ಕು ಖಂಡಗಳಲ್ಲಿ ಯಾವ ಸ್ವರವೂ ಎರಡು ಸ್ಥಾನಕ್ಕಿಂತ ಹೆಚ್ಚಾಗಿ ಚಲಿಸುವುದಿಲ್ಲ. ಕಂಪ್ಯೂಟರಿಲ್ಲದೆ 300 ವರ್ಷಗಳಿಗೆ ಹಿಂದೆ ಸಾಧಿಸಿದ ಈ ಹೊಂದಾಣಿಕೆಯನ್ನು ಮಕ್ಕಳು ತಮ್ಮ ಪಿಯಾನೋ ರೋಲಿನಲ್ಲಿ ಬರೆದು ನೋಡಿದರೆ ನೂರು ಪಾಠಗಳಿಗೆ ಸಮ.

ಇಷ್ಟೆಲ್ಲ ಶಂಕರಾಭರಣದ ಮಾತಾಯಿತು. ನಮ್ಮ ಮನೆಯ ಹಾಡುಗಳು ಶಂಕರಾಭರಣವೊಂದರಲ್ಲಿಯೇ ಇಲ್ಲ; ನಿಜವಾದ ಅಪಾಯವು ಇಲ್ಲಿಂದ ಆರಂಭ. ಮಾಯಾಮಾಳವಗೌಳದಲ್ಲಿ ಪಂಚಮದ ಗುಚ್ಛವನ್ನು ಕಟ್ಟಿದರೆ ಪ ನಿ ರಿ ಗಳ ಅಂತರವು ನಾಲ್ಕು ಮತ್ತು ಎರಡು. ಧೈವತದ ಗುಚ್ಛದಲ್ಲಿ ನಾಲ್ಕು ಮತ್ತು ನಾಲ್ಕು. ತಂತ್ರಾಂಶದಲ್ಲಿ ಸಿದ್ಧವಾಗಿಟ್ಟಿರುವ ಮೇಜರ್, ಮೈನರ್ ಎಂಬ ಸಾಮಾನ್ಯ ಅಚ್ಚುಗಳು ಇವಕ್ಕೆ ಒಗ್ಗವು. ಮೋಹನ ರಾಗದಲ್ಲಿ ಮಧ್ಯಮ, ನಿಷಾದಗಳೇ ಇಲ್ಲ. ಅದರ ಐದು ಸ್ವರಗಳಿಂದ ಮೇಲೆ ಹೇಳಿದ ಮಾದರಿಯ ಗುಚ್ಛಗಳು ಸ ಗ ಪ, ಧ ಸ ಗ ಎಂಬೆರಡೇ ದೊರೆಯುವುವು.

ನಮ್ಮ ಬೀದಿಯಲ್ಲಿ ಈಚೆಗೆ ನಡೆದ ಸಂಗತಿಯೊಂದನ್ನು ಹೇಳಿದರೆ ವಿಷಯವು ಸ್ಪಷ್ಟವಾದೀತು. ಕಾಲೇಜಿನಲ್ಲಿ ಓದುವ ಕನ್ಯೆಯೊಬ್ಬಳು ತನ್ನ ಅಜ್ಜಿಯು ನವರಾತ್ರಿಯಲ್ಲಿ ಗೊಂಬೆಗಳ ಮುಂದೆ ಹಾಡುವ ಹಾಡೊಂದನ್ನು ಧ್ವನಿಮುದ್ರಿಸಿಕೊಂಡು, ಪರದೇಶದಲ್ಲಿರುವ ನಂಟರಿಗೆ ಕಳುಹಿಸಬೇಕೆಂದು ಸಂಕಲ್ಪಿಸಿದಳು. ಅಜ್ಜಿಗೆ ವಯಸ್ಸಾಗಿದೆ, ಆ ಹಾಡನ್ನು ಪೂರ್ತಿಯಾಗಿ ಬಲ್ಲವರು ಆ ಮನೆತನದಲ್ಲಿ ಬೇರೆ ಯಾರೂ ಇಲ್ಲ. ರಾಗ ಮೋಹನ. ಮಗಳು ಅದಕ್ಕೆ ಸ, ಧ, ಮ, ಪ ಎಂಬ ನಾಲ್ಕು ಗುಚ್ಛಗಳ ಸಿದ್ಧ ವರಸೆಯೊಂದನ್ನು ಜೋಡಿಸಿದಳು. ಮಧ್ಯಮದ ಗುಚ್ಛವು ಬಂದಾಗಲೆಲ್ಲ ಅಜ್ಜಿಯು ಗಾಂಧಾರದ ಮೇಲೆ ನಿಂತಿರುವಳು. ಒಂದೇ ಸ್ಥಾನದ ಅಂತರದಲ್ಲಿ ಗ, ಮ ಗಳೆರಡೂ ಸೇರಿ ಕರ್ಕಶವಾಯಿತು. "ಅಜ್ಜಿ, ಇಲ್ಲಿ ನೀನು ಸ್ವಲ್ಪ ಇಳಿದುಬಿಟ್ಟಿದ್ದೀಯೆ" ಎಂದು ಮಗಳು, ಸ್ವರವನ್ನು ತಿದ್ದುವ ಯಂತ್ರಾಂಗದಿಂದ ಆ ಗಾಂಧಾರವನ್ನು ಮಧ್ಯಮಕ್ಕೆ ಎತ್ತಿಬಿಟ್ಟಳು. ಮುದುಕಿಯು ಅದನ್ನು ಕೇಳಿ, "ಚೆನ್ನಾಗಿದೆ ಕಣಮ್ಮ; ಆದರೆ ಇದು ಯಾರ ಹಾಡು?" ಎಂದು ಕೇಳಿದಳಂತೆ.

ಹುಡುಗಿಯು ಜಾಣೆ. ಆ ಒಂದು ಮಾತು ಅವಳನ್ನು ಚುಚ್ಚಿತು. "ಮೇಷ್ಟ್ರೇ, ಅಜ್ಜಿ ತಪ್ಪೋ ನಾನು ತಪ್ಪೋ ಹೇಳಿ" ಎಂದು ಲ್ಯಾಪ್‌ಟಾಪಿನೊಡನೆ ಬಂದಳು. ಅಜ್ಜಿಯ ಧ್ವನಿಯನ್ನು ಒಂಟಿಯಾಗಿ ಷಡ್ಜ ಪಂಚಮಗಳೊಡನೆ ಕೇಳಿದಾಗ ಅದರಲ್ಲಿ ದೋಷವೇನೂ ಕಾಣಲಿಲ್ಲ. ತಿದ್ದಬೇಕಾಗಿದ್ದುದು ವರಸೆಯನ್ನು. ಮಧ್ಯಮದ ಗುಚ್ಛವನ್ನು ತೆಗೆದುಹಾಕಿ ಆ ಆವರ್ತದಲ್ಲಿಯೂ ಧ ಸ ಗ ಗುಚ್ಛವನ್ನೇ ಮುಂದುವರಿಸಿದುದಾಯಿತು. ಎರಡಕ್ಕೂ ಧ, ಸ ಗಳು ಸಾಮಾನ್ಯವಾದುದರಿಂದ ನಡಿಗೆಯು ಕೆಡಲಿಲ್ಲ. ಪಂಚಮದ ಗುಚ್ಛದಿಂದ ನಿಷಾದವನ್ನು ಬಿಟ್ಟು ಮಂದ್ರ ಪಂಚಮ, ರಿಷಭ, ಮಧ್ಯ ಪಂಚಮ (55, 62, 67) ಎಂದು ಇಟ್ಟುದಾಯಿತು. ಒಂದು, ಎರಡು, ಮೂರು, ಎರಡು ಎಂಬ ವರಸೆಯು ಅಖಂಡವಾಗಿಯೇ ಉಳಿಯಿತು. ಕೊನೆಗೆ ಎಲ್ಲವನ್ನೂ ಒಟ್ಟಾಗಿ ಅಜ್ಜಿಯ ಶ್ರುತಿಗೆ ಇಳಿಸಿದುದಾಯಿತು. ಎತ್ತಿದ ಗಾಂಧಾರವು ಮರಳಿ ತನ್ನ ಮನೆಗೆ ಬಂದಿತು.

ಇದು ಒಂದು ಮನೆಯ ಸಣ್ಣ ಸಂಗತಿಯೆಂದು ಉಪೇಕ್ಷಿಸಬಾರದು. ಗುಚ್ಛವನ್ನು ಸ್ಥಿರವೆಂದೂ ಹಾಡನ್ನು ತಿದ್ದತಕ್ಕದ್ದೆಂದೂ ಕಿರಿಯರು ಒಮ್ಮೆ ನಂಬಿದರೆ, ಇಂದು ಒಂದು ಗಾಂಧಾರ, ನಾಳೆ ಒಂದು ಕಂಪಿತ, ಹೀಗೆ ಮನೆಮನೆಯ ಸಂಪ್ರದಾಯದ ಹಾಡುಗಳೆಲ್ಲ ಒಂದೇ ಅಚ್ಚಿನ ಬೊಂಬೆಗಳಾದಾವು. ಮೂಲವನ್ನು ಬಲ್ಲವರು ತೀರಿಕೊಂಡ ಮೇಲೆ ಹೋಲಿಸಿ ನೋಡುವುದಕ್ಕೂ ಅವಕಾಶವಿರದು. ತಿದ್ದಿದ ಪ್ರತಿಯೇ ಮೂಲವೆನಿಸುವುದು.

ಹಾಗೆಂದು ಯಂತ್ರವನ್ನೇ ಬಹಿಷ್ಕರಿಸಬೇಕೆಂದು ಯಾರೂ ಹೇಳಬೇಕಾಗಿಲ್ಲ. ನಮ್ಮ ಹಿರಿಯರು ಹೊರಗಿನ ಸಂಗೀತಕ್ಕೆ ಬಾಗಿಲು ಮುಚ್ಚಿದವರಲ್ಲ. ಮುತ್ತುಸ್ವಾಮಿ ದೀಕ್ಷಿತರು (1775-1835) ಆಂಗ್ಲ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದರು. ಇಂದು ನೋಟ್ಟುಸ್ವರಗಳೆಂದು ಮಕ್ಕಳು ಹಾಡುವ ಅವು ಶಂಕರಾಭರಣದಲ್ಲಿವೆ. ಮೈಸೂರಿನ ಜಯಚಾಮರಾಜ ಒಡೆಯರು (1919-1974) ಪಿಯಾನೋ ವಾದನದಲ್ಲಿ ಪರಿಶ್ರಮವುಳ್ಳವರಾಗಿದ್ದು, ರಷ್ಯದ ಮೆಡ್‌ನರ್ ಎಂಬ ವಾಗ್ಗೇಯಕಾರನ ಕೃತಿಗಳ ಧ್ವನಿಮುದ್ರಣಕ್ಕೆ ಧನವಿತ್ತರು. ಅವರೇ ಕರ್ಣಾಟಕ ಪದ್ಧತಿಯಲ್ಲಿ ಕೃತಿಗಳನ್ನೂ ರಚಿಸಿದರು. ಎರಡನ್ನೂ ಬಲ್ಲವರು ಒಂದನ್ನು ಇನ್ನೊಂದರ ಅಚ್ಚಿಗೆ ತುರುಕಲಿಲ್ಲ.

ನಮ್ಮ ಬೆಂಗಳೂರಿನಲ್ಲಿಯೇ ಇನ್ನೊಂದು ನಿದರ್ಶನವುಂಟು. ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣರು 1979ರಲ್ಲಿ ವಿದ್ಯುಚ್ಛಕ್ತಿಯಿಂದ ನುಡಿಯುವ ಶ್ರುತಿಪೆಟ್ಟಿಗೆಯನ್ನು ನಿರ್ಮಿಸಿದರು. ಅವರ ರಾಡೆಲ್ ಸಂಸ್ಥೆಯಿಂದ ಮುಂದೆ ವಿದ್ಯುತ್ ತಂಬೂರಿಯೂ ಬಂದಿತು. ತಂಬೂರಿಯ ನುಡಿಯೂ ಮರಳುವ ವರಸೆಯೇ: ಪಂಚಮ, ಎರಡು ಷಡ್ಜ, ಮಂದ್ರ ಷಡ್ಜ. ಹಿಂದೋಳದಂತಹ ಪಂಚಮವಿಲ್ಲದ ರಾಗಕ್ಕೆ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುವುದುಂಟು. ವಿದ್ಯುತ್ ತಂಬೂರಿಯಲ್ಲಿಯೂ ಅದಕ್ಕೆ ಅವಕಾಶವನ್ನಿಟ್ಟಿರುವರು. ರಾಗವು ವರಸೆಗೆ ಬಾಗುವುದಿಲ್ಲ; ವರಸೆಯು ರಾಗಕ್ಕೆ ಬಾಗುವುದು. ನಾವು ಹುಡುಕುತ್ತಿದ್ದ ನ್ಯಾಯವು ಇಷ್ಟೇ.

ಇನ್ನೊಂದು ಸೂಕ್ಷ್ಮವನ್ನು ಮರೆಯಬಾರದು. ಕೀಬೋರ್ಡಿನ ಸ್ಥಾನಗಳು ಸಮವಾಗಿ ಹಂಚಿದವುಗಳು. ಒಂದು ಸ್ಥಾನವನ್ನು ನೂರು ಪಾಲು ಮಾಡಿದರೆ ಕೀಬೋರ್ಡಿನ ಗಾಂಧಾರವು ಷಡ್ಜದಿಂದ 400 ಪಾಲು ದೂರ. ತಂಬೂರಿಯಲ್ಲಿ ಸಹಜವಾಗಿ ಹೊಮ್ಮುವ ಗಾಂಧಾರವು ಸುಮಾರು 386. ಪಂಚಮದಲ್ಲಾದರೋ 700ಕ್ಕೂ 702ಕ್ಕೂ ಇರುವ ವ್ಯತ್ಯಾಸವು ಗಮನಕ್ಕೇ ಬಾರದು. ಆದುದರಿಂದ ಹಾಡಿನಲ್ಲಿ ಗಮಕವು ಹೆಚ್ಚಾಗಿರುವೆಡೆಯಲ್ಲಿ, ಅಥವಾ ಗಾಂಧಾರವು ದೀರ್ಘವಾಗಿ ನಿಲ್ಲುವೆಡೆಯಲ್ಲಿ, ವರಸೆಯಿಂದ ಗಾಂಧಾರವನ್ನು ತೆಗೆದು ಸ ಪ ಗಳನ್ನು ಮಾತ್ರ ಉಳಿಸುವುದು ಕ್ಷೇಮ. ಮೌನವೂ ವರಸೆಯ ಒಂದು ಅಂಗವೇ.

ಮನೆಯ ಹಿರಿಯರಿಗೂ ಕಿರಿಯರಿಗೂ ಹೇಳಬೇಕಾದುದು ಸ್ವಲ್ಪವೇ. ಕಿರಿಯರು ಮೊದಲು ಹಾಡನ್ನು ಶ್ರುತಿಯೊಡನೆ ಮಾತ್ರ ಕೇಳಿ, ಅದರ ಸ್ವರಗಳನ್ನು ಬರೆದುಕೊಂಡು, ಆ ಸ್ವರಗಳೊಳಗೆ ಎಷ್ಟು ಗುಚ್ಛಗಳು ದೊರೆಯುವುವೆಂಬುದನ್ನು ಎಣಿಸಲಿ. ಆಮೇಲೆ ವರಸೆಯನ್ನು ಕ್ರಮಾಂಕದಿಂದ ಬರೆದು ಸಮೀಪದ ಸ್ವರಗಳಲ್ಲಿ ನಡೆಸಲಿ. ತಿದ್ದದಿರುವ ಮೂಲಧ್ವನಿಯ ಪ್ರತಿಯೊಂದನ್ನು ಬೇರೆಯಾಗಿ ಕಾಪಾಡಿಡಲಿ. ಹಿರಿಯರು ಗದ್ದಲವೆಂದು ಬಾಗಿಲು ಹಾಕಿಕೊಳ್ಳದೆ, ಒಮ್ಮೆ ಆ ಹೆಡ್‌ಫೋನನ್ನು ತಾವೂ ಕಿವಿಗಿಟ್ಟು ಕೇಳಿ, ಸರಿಯಿಲ್ಲವೆನಿಸಿದೆಡೆಯಲ್ಲಿ ಸರಿಯಿಲ್ಲವೆಂದು ಹೇಳಲಿ. ಸ್ವರದ ಹೆಸರು ಬಾರದಿದ್ದರೂ ಚಿಂತೆಯಿಲ್ಲ. ಇದು ಯಾರ ಹಾಡು ಎಂದು ಕೇಳುವಷ್ಟು ಧೈರ್ಯವಿದ್ದರೆ ಸಾಕು. ಹಾಡು ಮನೆಯ ಯಜಮಾನಿ. ವರಸೆಯು ಅವಳ ಕೈಹಿಡಿದು ನಡೆಸುವ ಬಾಲಕ. ಯಜಮಾನಿಯು ತಿರುಗಿದ ಕಡೆಗೆ ಬಾಲಕನು ತಿರುಗಿದರೆ ಇಬ್ಬರೂ ಎಡವದೆ ಮನೆ ಸೇರುವರು.